ಇಳಿಜಾರಿನ ಮೈಲೇಜು

“ಮೇಷ್ಟ್ರೇ, ಒಂದೇ ಕಾರಿಗೆ ಮೂರು ಮೈಲೇಜು ಇರಲು ಸಾಧ್ಯವೇ?” ಎಂದು ಇಂದುಧರ ಕೇಳಿದ.

ಹಾಲಪ್ಪ ಮೇಷ್ಟ್ರು ತಮ್ಮ ಡ್ರೈವಿಂಗ್ ಸ್ಕೂಲಿನ ಕಟ್ಟೆಯ ಮೇಲೆ ಕುಳಿತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಊರಿನ ಅರ್ಧ ಜನಕ್ಕೆ ಸ್ಟೇರಿಂಗ್ ಹಿಡಿಯಲು ಕಲಿಸಿದವರು ಅವರು. ಉಳಿದರ್ಧ ಜನ ತಾವಾಗಿಯೇ ಕಲಿತರು, ಊರಿನ ಕಾಂಪೌಂಡು ಗೋಡೆಗಳೆಲ್ಲ ಮುಕ್ಕಾಗಿರುವುದು ಅದಕ್ಕೇ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಇಂದುಧರ ಅವರ ಹಳೆಯ ಶಿಷ್ಯ.

“ಮೂರು ಹೇಗಯ್ಯಾ?”

“ಕಂಪನಿಯವರು ಕೊಟ್ಟ ಹಾಳೆಯಲ್ಲಿ ಲೀಟರಿಗೆ ಇಪ್ಪತ್ತನಾಲ್ಕು ಅಂತಿದೆ. ಕಾರಿನ ಪರದೆ ಇಪ್ಪತ್ತು ಅನ್ನುತ್ತದೆ. ನಾನೇ ಟ್ಯಾಂಕು ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿದರೆ ಹದಿನೈದು. ನಮ್ಮ ಭಾವನ ಕಾರು ಇಪ್ಪತ್ತೆರಡು ಕೊಡುತ್ತದಂತೆ. ನನಗೆ ಸಾಕಾಯಿತು ಮೇಷ್ಟ್ರೇ, ಮಾರಿಬಿಡುತ್ತೇನೆ. ಸಂಜೆ ಒಬ್ಬ ನೋಡಲು ಬರುತ್ತಾನೆ, ಹೊಸದಾಗಿ ಬಾಡಿಗೆಗೆ ಓಡಿಸುವವನಂತೆ. ಅವನಿಗೆ ಈ ಮೂರರಲ್ಲಿ ಯಾವುದನ್ನು ಹೇಳಲಿ?”

“ನಿನ್ನದು ಪುಣ್ಯ, ಮೂರಾದರೂ ಇದೆ,” ಎಂದರು ಮೇಷ್ಟ್ರು. “ನನ್ನ ಹಳೆಯ ಕಾರಿಗೆ ಮೈಲೇಜು ಎಂಬುದೇ ಇರಲಿಲ್ಲ. ಪೆಟ್ರೋಲು ಕುಡಿದರೆ ತಾನೇ ಲೆಕ್ಕ? ಇಳಿಜಾರಿನಲ್ಲಿ ಬಿಟ್ಟರೆ ಟ್ಯಾಂಕು ತಾನಾಗಿಯೇ ತುಂಬಿ ಉಕ್ಕುತ್ತಿತ್ತು. ಉಕ್ಕಿದ್ದನ್ನು ಬಂಕಿಗೆ ವಾಪಸು ಕೊಟ್ಟು ಬರುತ್ತಿದ್ದೆ. ನಾನು ಬರುವುದು ಕಂಡರೆ ಸಾಕು, ಬಂಕಿನವನು ಡ್ರಮ್ಮು ಹುಡುಕಿಕೊಂಡು ಓಡುತ್ತಿದ್ದ.”

“ಸುಳ್ಳಿಗೆ ಸುಂಕವಿಲ್ಲ ಅಂತ ಇಷ್ಟು ಬಿಡುವುದೇ ಮೇಷ್ಟ್ರೇ!”

“ಸುಂಕ ಇದೆ ಕಣಯ್ಯಾ. ಸುಂಕದ ಕಟ್ಟೆ ಮಾತ್ರ ಸ್ವಲ್ಪ ದೂರದಲ್ಲಿರುತ್ತದೆ. ಕೇಳು.”

ಮೇಷ್ಟ್ರು ಹೇಳಿದ ಕತೆ ಇದು.

ಒಂದು ಬೆಟ್ಟವಿತ್ತು. ಬೆಟ್ಟದ ನೆತ್ತಿಯಲ್ಲಿ ಒಂದು ದೇವಸ್ಥಾನ, ತಪ್ಪಲಿನಲ್ಲಿ ಒಂದು ಊರು, ಊರಿನ ಬಾಯಲ್ಲಿ ಬಾಡಿಗೆ ಕಾರುಗಳ ಸ್ಟ್ಯಾಂಡು. ಆ ಬೆಟ್ಟದ ತಿರುವುಗಳನ್ನು ಬಲ್ಲವರು ಇಬ್ಬರೇ, ಒಬ್ಬ ದೇವರು, ಇನ್ನೊಬ್ಬ ನಾನು, ಅದರಲ್ಲಿ ದೇವರು ಎರಡು ತಿರುವು ಮರೆತಿದ್ದಾನೆ ಎಂದು ಮೇಷ್ಟ್ರು ನಡುವೆ ಸೇರಿಸಿದರು.

ಆ ಸ್ಟ್ಯಾಂಡಿನಲ್ಲಿ ಒಂದು ಪದ್ಧತಿ. ಸಂಜೆ ಕೊನೆಯ ಬಾಡಿಗೆ ಮುಗಿಸಿ ಬೆಟ್ಟ ಇಳಿದು ಬಂದವರು ತಮ್ಮ ತಮ್ಮ ಕಾರಿನ ಪರದೆಯನ್ನು ಎಲ್ಲರಿಗೂ ತೋರಿಸಬೇಕು. ಯಾರ ಮೈಲೇಜು ಎಲ್ಲರಿಗಿಂತ ಹೆಚ್ಚೋ ಅವನಿಗೆ ಮರುದಿನ ಮೊದಲ ಸರದಿ. ಯಾರದು ಎಲ್ಲರಿಗಿಂತ ಕಡಿಮೆಯೋ ಅವನು ಎಲ್ಲರಿಗೂ ಚಹಾ ಕುಡಿಸಬೇಕು. ಹದವಾಗಿ ಓಡಿಸುವುದನ್ನು ಕಲಿಯಲಿ ಎಂದು ಹಿರಿಯರು ಯಾರೋ ಮಾಡಿದ್ದು.

ಸ್ಟ್ಯಾಂಡಿನಲ್ಲಿ ಒಬ್ಬ ಚಾಲಕನಿದ್ದ. ಚುರುಕು. ಅವನು ಒಂದು ದಿನ ಬೆಟ್ಟದ ಮೇಲಿನ ಕಮಾನಿನ ಬಳಿ ಗುಂಡಿ ಒತ್ತಿ ಪರದೆಯ ಹಳೆಯ ಲೆಕ್ಕವನ್ನೆಲ್ಲ ಅಳಿಸಿದ. ಅಲ್ಲಿಂದ ಆ್ಯಕ್ಸಿಲರೇಟರಿನಿಂದ ಕಾಲು ತೆಗೆದು ಕೆಳಗಿನವರೆಗೂ ಕಾರನ್ನು ಉರುಳಲು ಬಿಟ್ಟ. ಕೆಳಗೆ ಬಂದಾಗ ಪರದೆ ನಲವತ್ತು ತೋರಿಸಿತು. ಅಂದು ಅವನು ರಾಜ. ವಾರ ಕಳೆಯುವುದರೊಳಗೆ ಉಳಿದವರಿಗೂ ಗುಟ್ಟು ತಿಳಿಯಿತು. ಕಮಾನು ಬಂತೆಂದರೆ ಎಲ್ಲರ ಕೈಯೂ ಮುಂದಕ್ಕೆ ಹೋಗುತ್ತಿತ್ತು. ಹಿಂದೆ ಕುಳಿತ ಭಕ್ತರು, ಎಷ್ಟು ಭಕ್ತಿಯಪ್ಪ ಈ ಡ್ರೈವರುಗಳಿಗೆ, ಹೋಗುವಾಗಲೂ ನಮಸ್ಕಾರ ಮಾಡುತ್ತಾರೆ ಎಂದುಕೊಳ್ಳುತ್ತಿದ್ದರು.

“ನಂದು ಅರವತ್ತು.”

“ಅಷ್ಟೇನಾ? ಯಾಕೋ, ಕಾರಿಗೆ ಜ್ವರವೇನೋ?”

ಹೀಗೆ ಏರಿ ಏರಿ ಪರದೆಯಲ್ಲಿ ಜಾಗ ಸಾಲದೆ ಅಂಕಿ ತೊಂಬತ್ತೊಂಬತ್ತಕ್ಕೆ ನಿಂತುಬಿಡುತ್ತಿತ್ತು. ಆಮೇಲೆ ಬಾಯಿಯಲ್ಲೇ ಮುಂದುವರಿಸುತ್ತಿದ್ದರು.

ಒಬ್ಬನದು ಮಾತ್ರ ಹನ್ನೆರಡು. ಅವನು ಅವರಲ್ಲೆಲ್ಲ ವಯಸ್ಸಾದವನು. ಅವನೇನು ಸತ್ಯಹರಿಶ್ಚಂದ್ರನ ವಂಶದವನಲ್ಲ. ಗುಂಡಿ ಎಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ, ಅಷ್ಟೆ. ಅವನ ಪರದೆ ಹತ್ತಿದ್ದನ್ನೂ ಇಳಿದದ್ದನ್ನೂ ಸೇರಿಸಿಕೊಂಡು ದಿನವೂ ಅದೇ ಹನ್ನೆರಡನ್ನು ತೋರಿಸುತ್ತಿತ್ತು. ದಿನವೂ ಅವನೇ ಚಹಾ ಕುಡಿಸುತ್ತಿದ್ದ. ಎಲ್ಲರೂ ಅವನಿಗೆ ‘ಚಹಾದ ಧಣಿ’ ಎಂದು ಹೆಸರಿಟ್ಟರು. ಅವನೂ ನಗುತ್ತಿದ್ದ. ಯಾರೂ ಇಲ್ಲದಾಗ ಮಾತ್ರ ಬಾನೆಟ್ಟಿನ ಮೇಲೆ ಕೈಯಿಟ್ಟು, “ಏನಾಗಿದೆ ನಿನಗೆ? ಎಲ್ಲರ ಹಾಗೆ ನೀನೇಕಿಲ್ಲ?” ಎಂದು ಕೇಳುತ್ತಿದ್ದ. ಮೆಕ್ಯಾನಿಕ್ಕರಿಗೆ ತೋರಿಸಿದ. ಹರಕೆ ಹೊತ್ತ. ಕೊನೆಗೆ, ಮಗುವಿನಂತೆ ನೋಡಿಕೊಂಡ ಆ ಕಾರನ್ನು ಮಾರಿಬಿಡುತ್ತೇನೆ ಎಂದು ಹೇಳತೊಡಗಿದ.

ಚುರುಕಿನ ಚಾಲಕ ಇದನ್ನು ಕಂಡಿದ್ದ. ಕೆಟ್ಟವನಲ್ಲ ಅವನು. ಒಂದು ಸಂಜೆ ಧಣಿಯ ಮುಖ ನೋಡಿ, ಗುಟ್ಟು ಹೇಳಿಬಿಡೋಣ ಎಂದು ಬಾಯಿ ತೆರೆದ. ಅಷ್ಟರಲ್ಲಿ ಚಹಾ ಬಂತು. ಶುಂಠಿ ಹಾಕಿದ ಚಹಾ. ಬಾಯಿ ತೆರೆದದ್ದಕ್ಕೆ ಅದನ್ನೇ ಕುಡಿದ.

ದಿನ ಕಳೆದಂತೆ ಈ ಚಾಲಕನಿಗೆ ಇನ್ನೊಂದು ಸಂಗತಿಯೂ ಆಯಿತು. ಮೊದಮೊದಲು ತನ್ನ ತೊಂಬತ್ತೊಂಬತ್ತು ಬರೀ ಇಳಿಜಾರಿನ ಅಂಕಿ ಎಂದು ಅವನಿಗೆ ನೆನಪಿರುತ್ತಿತ್ತು. ಆದರೆ ಅದೇ ತನ್ನ ಕಾರಿನ ಮೈಲೇಜು ಎಂದು ಹೆಂಡತಿಗೆ ಹೇಳಿದ, ಬೀಗರಿಗೆ ಹೇಳಿದ, ಕ್ಷೌರದ ಅಂಗಡಿಯಲ್ಲಿ ಹೇಳಿದ. ಊರಿಗೆಲ್ಲ ಹೇಳಿ ಕಳಿಸಿದ ಸುಳ್ಳು ಸುತ್ತಾಡಿ ಸುಸ್ತಾಗಿ ಕೊನೆಗೆ ಅವನ ಮನೆಗೇ ಬಂದು ಮಲಗಿತು. ತನ್ನ ಕಾರು ಎಲ್ಲ ಕಾರುಗಳಂತಲ್ಲ ಎಂದು ಅವನು ನಿಜವಾಗಿಯೂ ನಂಬಿದ. ಪರದೆಗೆ ಕುಂಕುಮ ಹಚ್ಚಿದ.

ಒಂದು ದಿನ ಒಬ್ಬ ರೈತ ಬಂದ. ಅವನ ಮಗಳ ಮದುವೆ, ಬೆಟ್ಟದ ಮೇಲಿನ ದೇವಸ್ಥಾನದಲ್ಲಿ. ಅವಳಿಗೆ ಮೂರು ಸಂಬಂಧಗಳು ಮಾತಾಗಿ ಮುರಿದಿದ್ದವು. ಇದು ನಾಲ್ಕನೆಯದು. ಹುಡುಗ ಒಳ್ಳೆಯವನು, ಹುಡುಗನ ಸೋದರಮಾವ ಮಾತ್ರ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವನು. ಮುಹೂರ್ತ ತಪ್ಪಿದರೆ ನಾವು ಇಳಿದು ಹೋಗುವವರೇ ಎಂದು ಅವನು ಮೊದಲೇ ಹೇಳಿದ್ದ. ಮೊದಲ ಸರದಿ ಚುರುಕಿನ ಚಾಲಕನದು. ಮದುವಣಗಿತ್ತಿ ಅಪ್ಪ ಅಮ್ಮನ ಜೊತೆ ಅವನ ಕಾರಿಗೇ ಬಂದಳು.

ರೈತ ಹೇಳಿದ: “ಊರಿನ ಬಂಕಿಗೆ ಟ್ಯಾಂಕರು ಬಂದಿಲ್ಲವಂತಲ್ಲಪ್ಪ. ಪಕ್ಕದೂರಿಗೆ ಹೋಗಿ ಪೆಟ್ರೋಲು ಹಾಕಿಸಿಕೊಂಡು ಬಂದುಬಿಡು. ಇನ್ನೂ ಹೊತ್ತಿದೆ.”

ಚಾಲಕ ನಕ್ಕು ಪರದೆಯತ್ತ ಬೆರಳು ತೋರಿಸಿದ. ಉಳಿದ ಪೆಟ್ರೋಲಿನಲ್ಲಿ ಇನ್ನೆಷ್ಟು ದೂರ ಓಡಬಹುದೆಂದು ಪರದೆ ಅಲ್ಲಿ ಹೇಳುತ್ತಿತ್ತು. “ನೋಡಿ ಯಜಮಾನರೇ, ತೊಂಬತ್ತು ಕಿಲೋಮೀಟರು. ಬೆಟ್ಟ ಇಪ್ಪತ್ತೂ ಇಲ್ಲ. ಬೇಕಾದರೆ ತಾಳಿ ಕಟ್ಟಿಸಿ ಮುಂದಿನ ಬೆಟ್ಟಕ್ಕೂ ಕರೆದುಕೊಂಡು ಹೋಗಿ ಬರುತ್ತೇನೆ.”

ಹಿಂದಿನ ಸಂಜೆ ಇಳಿದು ಬಂದ ಲೆಕ್ಕದಲ್ಲಿ ಪರದೆ ಆ ತೊಂಬತ್ತನ್ನು ಹೇಳಿತ್ತು. ಮುಂದೆ ಬೆಟ್ಟ ಇದೆ ಎಂದು ಅದಕ್ಕೆ ಯಾರು ಹೇಳಬೇಕು?

ಕಾರು ಹತ್ತತೊಡಗಿತು. ಕಾರು ಏರಿದಂತೆ ಅಂಕಿ ಇಳಿಯಿತು. ಮೊದಲ ತಿರುವಿನಲ್ಲಿ ಎಪ್ಪತ್ತು, ಆಂಜನೇಯನ ಗುಡಿಯ ಬಳಿ ನಲವತ್ತು, ದೊಡ್ಡ ಬಂಡೆಯ ಹತ್ತಿರ ಹತ್ತು. ಪರದೆ ಕೆಟ್ಟಿದೆ ಎಂದುಕೊಂಡ ಚಾಲಕ. ಅದು ತೊಂಬತ್ತು ಎಂದಾಗ ಅವನಿಗೆ ಹಾಗೆ ಅನಿಸಿರಲಿಲ್ಲ. ಅರ್ಧ ಬೆಟ್ಟದಲ್ಲಿ ಕಾರು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

“ಏನಣ್ಣಾ, ನಿಂತಿತಾ?” ಎಂದಳು ಮದುವಣಗಿತ್ತಿ. ಅವಳ ದನಿಯಲ್ಲಿ ಆಶ್ಚರ್ಯವಿರಲಿಲ್ಲ. ನಿಂತುಹೋಗುವುದು ಅವಳಿಗೆ ಹೊಸದಲ್ಲ.

ಚಾಲಕನಿಗೆ ಕನ್ನಡಿಯಲ್ಲಿ ಅವಳ ಮುಖ ನೋಡಲಾಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬಾಸಿಂಗವನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕುಳಿತಳು. ಮೇಲಿನಿಂದ ರೈತನಿಗೆ ಫೋನು ಬರುತ್ತಲೇ ಇತ್ತು. ರೈತ ಎತ್ತಲಿಲ್ಲ.

ಚಾಲಕ ಸ್ಟ್ಯಾಂಡಿಗೆ ಫೋನು ಮಾಡಿದ. “ನಂದು ತೊಂಬತ್ತೊಂಬತ್ತಿದೆ, ಈಗ ಬಂದೆ,” ಎಂದು ಒಬ್ಬ ಗೆಳೆಯ ಹೊರಟ. ದೊಡ್ಡ ಬಂಡೆಯ ಬಳಿ ಅವನ ಕಾರೂ ನಿಂತಿತು. ಅವನು ಇನ್ನೊಬ್ಬನಿಗೆ ಹೇಳಿದ. ಅವನದು ಆಂಜನೇಯನ ಗುಡಿಯ ಬಳಿ ನಿಂತಿತು. ಮತ್ತೊಬ್ಬ, ಮಗದೊಬ್ಬ. ಒಂದೊಂದು ತಿರುವಿಗೆ ಒಂದೊಂದು ಕಾರು, ಹರಕೆಗೆ ಕಟ್ಟಿದ ಗಂಟೆಯ ಹಾಗೆ. ಬೆಟ್ಟದ ಮೇಲಿಂದ ಇದನ್ನು ಕಂಡ ಗಂಡಿನ ಕಡೆಯವರು, ಪರವಾಗಿಲ್ಲ, ಹೆಣ್ಣಿನವರು ದಿಬ್ಬಣವನ್ನು ಜೋರಾಗಿಯೇ ತಂದಿದ್ದಾರೆ ಎಂದು ಮೀಸೆ ತಿರುವಿದರು. ಅಲ್ಲಾಡುತ್ತಲೇ ಇಲ್ಲವಲ್ಲ ಎಂದು ಆಮೇಲೆ ಸೋದರಮಾವ ಗಡಿಯಾರ ನೋಡಿಕೊಂಡ.

ಮೇಲೆ ವಾಲಗ ಶುರುವಾಯಿತು.

ಆಗ ಕೆಳಗಿನಿಂದ ಒಂದು ಕಾರು ಏದುಸಿರು ಬಿಡುತ್ತ ಹತ್ತಿ ಬಂತು. ಬಂಡೆ ದಾಟಿತು. ನಿಲ್ಲಲಿಲ್ಲ. ಚಹಾದ ಧಣಿ. ಬೆಳಿಗ್ಗೆ ಅವನ ಪರದೆ ಎಂದಿನಂತೆ ಜಿಪುಣತನ ಮಾಡಿತ್ತು. ಅದಕ್ಕೆ ಹೆದರಿ ಅವನು ಪಕ್ಕದೂರಿಗೆ ಹೋಗಿ ಕುತ್ತಿಗೆಯವರೆಗೆ ಪೆಟ್ರೋಲು ತುಂಬಿಸಿಕೊಂಡು ಬಂದಿದ್ದ. ಸ್ಟ್ಯಾಂಡು ಖಾಲಿ ಇರುವುದನ್ನು ಕಂಡು ಚಹಾ ಅಂಗಡಿಯವನನ್ನು ಕೇಳಿದ್ದ, ವಿಷಯ ತಿಳಿದು ಹೊರಟು ಬಂದಿದ್ದ.

“ನಿನ್ನ ಪರದೆ ಎಷ್ಟು ಅನ್ನುತ್ತದಣ್ಣ?” ಎಂದು ಚಾಲಕ ಕೇಳಿದ.

“ಅಯ್ಯೋ, ಅದೇ ದರಿದ್ರದ ಹನ್ನೆರಡು. ನೋಡಬೇಡ ಮಾರಾಯ, ನಾಚಿಕೆಯಾಗುತ್ತದೆ. ಹತ್ತಿ ತಾಯಿ, ಹತ್ತಿ.”

ಮದುವಣಗಿತ್ತಿ ಕಾರು ಬದಲಿಸಿದಳು. ಅಮ್ಮ ಅವಳ ಹಣೆಗೆ ಬಾಸಿಂಗವನ್ನು ಮತ್ತೆ ಕಟ್ಟಿದಳು. ರೈತನೂ ಹತ್ತಿದ. ಹೊರಡುವ ಮೊದಲು ಚಾಲಕ ಓಡಿ ಬಂದು ಕಿಟಕಿ ಹಿಡಿದುಕೊಂಡ. ಮೇಲೆ ವಾಲಗ ಗಟ್ಟಿಯಾಗುತ್ತಿತ್ತು.

“ಅಣ್ಣಾ, ನಿನ್ನ ಕಾರಿಗೆ ಯಾವ ಕಾಯಿಲೆಯೂ ಇಲ್ಲ. ಮಾರಬೇಡ,” ಎಂದ.

ಧಣಿಗೆ ಅರ್ಥವಾಗಲಿಲ್ಲ. ಗೇರು ಹಾಕಿ ಹೊರಟ. ಅಕ್ಕಿಕಾಳಿನ ತಟ್ಟೆ ಕೈಯಿಂದ ಕೈಗೆ ಹೋಗುವಷ್ಟು ಹೊತ್ತು ಉಳಿದಿದ್ದಾಗ ಅವರು ಮಂಟಪ ತಲುಪಿದರು. ತಾಳಿ ಕಟ್ಟಿದ್ದಾಯಿತು. ಸೋದರಮಾವನ ಕೋಪಕ್ಕೆ ಕೆಲಸವಿಲ್ಲದೆ ಅದು ಹೋಳಿಗೆಯ ಕಡೆ ತಿರುಗಿತು. ಆದರೂ ಅವನು ತಿಂದದ್ದು ಆರೇ, ಅದೇ ಪಂಕ್ತಿಯಲ್ಲಿ ನಾನು ಹದಿನೆಂಟಕ್ಕೆ ಕೈ ತೊಳೆದೆ, ಅದೂ ಹೊಟ್ಟೆ ಸರಿಯಿರಲಿಲ್ಲ ಎಂದು ಮೇಷ್ಟ್ರು ಹೇಳಿದರು.

ಸಂಜೆ, ದಾರಿಯಲ್ಲಿ ನಿಂತಿದ್ದ ಕಾರುಗಳೆಲ್ಲ ನ್ಯೂಟ್ರಲ್‌ನಲ್ಲಿ ಉರುಳಿಕೊಂಡು ಕೆಳಗೆ ಬಂದವು. ಅಂದು ಪರದೆಯನ್ನು ಯಾರೂ ಬೆಳಗಿಸಲಿಲ್ಲ. ಚಹಾ ಬಂತು. ಧಣಿ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದ. ಚುರುಕಿನ ಚಾಲಕ ಅವನ ಮಣಿಕಟ್ಟು ಹಿಡಿದುಕೊಂಡ. “ಇವತ್ತು ನಂದು. ನಾಳೆಯೂ ನಂದೇ. ಬಾ, ನಿನಗೆ ಒಂದು ಗುಂಡಿ ತೋರಿಸಬೇಕು, ಅದನ್ನು ಯಾವತ್ತೂ ಒತ್ತಬೇಡ,” ಎಂದ.

ಕತೆ ಮುಗಿಸಿ ಮೇಷ್ಟ್ರು ಎಲೆಯನ್ನು ಮಡಿಸಿ ಬಾಯಿಗಿಟ್ಟುಕೊಂಡರು.

ಇಂದುಧರ ಕಾರಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ ನಕ್ಕ. “ಅಂತೂ ಆ ಪರದೆ ಸುಳ್ಳುಗಾರ ಅನ್ನಿ ಮೇಷ್ಟ್ರೇ.”

“ಇಲ್ಲಪ್ಪ. ಇಳಿಯುವಾಗ ಕೇಳಿದರು, ಇಳಿಯುವ ಲೆಕ್ಕ ಹೇಳಿತು. ಹತ್ತುವಾಗ ಅದನ್ನು ಕೇಳಿದವರು ಯಾರು?”

“ಅದೂ ಸರಿಯೇ. ಹಾಗಾದರೆ ಸಂಜೆ ಬರುವವನಿಗೆ ನಾನು ಇಪ್ಪತ್ತು ಅಂದುಬಿಡುತ್ತೇನೆ. ಹೇಳುವುದು ಪರದೆ ತಾನೇ, ನಾನಲ್ಲವಲ್ಲ?”

ಮೇಷ್ಟ್ರು ಎಲೆಯನ್ನು ದವಡೆಗೆ ಸರಿಸಿ ಅವನ ಮುಖ ನೋಡಿದರು.

“ಅವನು ಹತ್ತಬೇಕಾದ ಬೆಟ್ಟ ಯಾವುದು ಅಂತ ಕೇಳಿದ್ದೀಯೇನಯ್ಯಾ?”