ಎರಡು ಸಲ ಬಂದ ಹೆಸರು

ಹೊಳೆಯ ದಂಡೆಯ ಮೇಲೆ ಒಂದು ಮಠ. ದೊಡ್ಡದೇನಲ್ಲ. ಒಂದು ಗದ್ದುಗೆ, ಒಂದು ಅಡುಗೆಮನೆ, ಬಾಗಿಲ ಮುಂದೆ ಬೇವಿನ ಗಿಡ.

ಆ ಮಠದಲ್ಲಿ ಒಂದು ಪದ್ಧತಿಯಿತ್ತು. ಸುತ್ತಲ ಹಳ್ಳಿಗಳಲ್ಲಿ ಒಲೆ ಹಚ್ಚಲಾರದಷ್ಟು ಕೈಸೋತವರಿಗೆ ದಿನಾಲೂ ಬುತ್ತಿ ಹೋಗುತ್ತಿತ್ತು. ರೊಟ್ಟಿ, ಒಂದಿಷ್ಟು ಪಲ್ಯ, ಬಿಳಿ ಅರಿವೆಯಲ್ಲಿ ಕಟ್ಟಿದ ಗಂಟು. ಮರುದಿನ ಬುತ್ತಿ ತಂದವನ ಕೈಗೆ ತೊಳೆದ ಅರಿವೆ ವಾಪಸು ಕೊಡಬೇಕು.

ಯಾರ್‍ಯಾರಿಗೆ ಬುತ್ತಿ ಎಂದು ಮಠದ ಅಜ್ಜಾರು ದಿನಾ ನಸುಕಿನಲ್ಲಿ ಅಡುಗೆಮನೆಯ ಕರಿಹಲಗೆಯ ಮೇಲೆ ಬರೆಯುತ್ತಿದ್ದರು. ನಿನ್ನೆಯದನ್ನು ಒದ್ದೆ ಅರಿವೆಯಿಂದ ಪೂರ್ತಿ ಒರೆಸಿ, ಮತ್ತೆ ಮೊದಲಿನಿಂದ. ಒಂದು ಹೆಸರು ಬರೆದು ನಿಲ್ಲುವರು. ಸುಮ್ಮನೆ ಹಲಗೆ ನೋಡುವರು. ಆಮೇಲೆ ಇನ್ನೊಂದು.

ಅಜ್ಜಾರ ಕಣ್ಣಿಗೆ ಪೊರೆ ಬಂದಿತ್ತು. ದೀಪ ಹಿಡಿದು ಪಕ್ಕದಲ್ಲಿ ನಿಲ್ಲುವ ಕೆಲಸ ಶಿಷ್ಯ ರೇವಯ್ಯನದು. ನಿಂತು ನಿಂತು ಅವನ ಕಾಲು ಜೋಮು ಹಿಡಿಯುತ್ತಿತ್ತು. ಮನಸ್ಸು ಕಾಲಿಗಿಂತ ಮೊದಲೇ ಬೇಸತ್ತಿರುತ್ತಿತ್ತು.

ಮಠಕ್ಕೆ ಬರುವ ಮೊದಲು ರೇವಯ್ಯ ಪಟ್ಟಣದ ಒಂದು ಕಚೇರಿಯಲ್ಲಿ ಕಂಪ್ಯೂಟರಿನ ಶೀಟು ತುಂಬುವ ಕೆಲಸ ಮಾಡಿದ್ದ. ಮೌಸು ಮುಟ್ಟದೆ ಇಡೀ ಶೀಟು ಓಡಾಡಿ ಬರುತ್ತಾನೆ ಎಂದು ಅಲ್ಲಿ ಹೆಸರು ಮಾಡಿದ್ದ. ಅದೆಲ್ಲ ಬಿಟ್ಟು ಬಂದದ್ದು ಧ್ಯಾನಕ್ಕಾಗಿ. ಇಲ್ಲಿ ನೋಡಿದರೆ ನಸುಕೆಲ್ಲ ದೀಪ ಹಿಡಿಯುವುದರಲ್ಲೇ ಕಳೆಯುತ್ತಿತ್ತು.

ಒಂದು ದಿನ ತಡೆಯಲಾರದೆ ಕೇಳಿದ.

“ಅಜ್ಜಾರ, ನಿನ್ನೆ ಬರದ ಹೆಸರ ಇವತ್ತೂ ಬರೀತೀರಿ. ಯಾಕ ಒರಸ್ತೀರಿ?”

“ಒರಸದಿದ್ರ ಬರಿಯೂದೆಲ್ಲಿ?”

“ಬರಿಯೂದ ಬ್ಯಾಡಲ್ರಿ. ಉಗ್ರಾಣದಾಗ ಭಕ್ತರು ಕೊಟ್ಟ ಕಂಪ್ಯೂಟರ್ ಐತಿ. ಒಮ್ಮೆ ಹಾಕಿಬಿಟ್ರ ಮುಗೀತು.”

“ಎಷ್ಟು ಹೊತ್ತು ಉಳೀತೈತಿ?”

“ನಸುಕೆಲ್ಲಾ ಉಳೀತೈತ್ರಿ.”

“ಉಳದ ಹೊತ್ತಿನಾಗ ಏನು ಮಾಡ್ತಿ?”

“ಧ್ಯಾನಕ್ಕ ಕುಂಡ್ರತೀನ್ರಿ.”

“ಕಣ್ಣು ಮುಚ್ಚಿ?”

“ಹೌದ್ರಿ, ಕಣ್ಣು ಮುಚ್ಚಿ.”

ಅಜ್ಜಾರು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟರು.

“ಮಾಡು. ನನ್ನ ಕಣ್ಣಂತೂ ಹೊಂಟಾವು. ಇನ್ನ ನಿನ್ನ ಕಣ್ಣ ಮಠದ ಕಣ್ಣು.”

ರೇವಯ್ಯ ಹಲಗೆಯ ಮೇಲಿನ ಹೆಸರುಗಳನ್ನು ಒಂದೊಂದಾಗಿ ಶೀಟಿಗೆ ಏರಿಸಿದ. ಹೆಸರು, ಅಡ್ಡಹೆಸರು, ಓಣಿ, ಊರು. ನಡುವೆ ಒಂದು ಕಡೆ ಕೈ ತಡೆಯಿತು. ‘ಗುರವ್ವ ಮ್ಯಾಗೇರಿ, ಕೆಳಗಿನ ಓಣಿ’ ಎಂದಿತ್ತು. ಅದರ ಕೆಳಗೆ ಮತ್ತೆ ಅದೇ. ‘ಗುರವ್ವ ಮ್ಯಾಗೇರಿ, ಕೆಳಗಿನ ಓಣಿ.’

ಪಾಪ, ಕಣ್ಣು ಕಾಣದೆ ಎರಡು ಸಲ ಬರೆದಿದ್ದಾರೆ ಎಂದುಕೊಂಡ. ಕೇಳಿದರೆ ಮುದುಕರ ಮನಸ್ಸು ನೊಂದೀತು ಎಂದು ಕೇಳಲಿಲ್ಲ. ಅದು ಅವನ ಒಳ್ಳೆಯತನವೇ, ಅಲ್ಲವೆನ್ನುವುದಿಲ್ಲ. ಆದರೆ ಆ ಒಳ್ಳೆಯತನಕ್ಕೆ ಬಾಯಿ ಬಿಟ್ಟು ಕೇಳುವ ರೂಢಿಯೊಂದು ಇರಬೇಕಿತ್ತು.

ಶೀಟು ಸಿದ್ಧವಾದ ದಿನ ಅಜ್ಜಾರನ್ನು ಕಂಪ್ಯೂಟರಿನ ಮುಂದೆ ಕೂಡಿಸಿದ. ಅವರಿಗೆ ಕಂಡದ್ದು ಬೆಳಕಿನ ಒಂದು ಚೌಕ ಮಾತ್ರ.

“ಊರ ಹೆಸರು ಒಮ್ಮೆ ಬರದ್ರ ಸಾಕ್ರಿ. ಮೂಲಿ ಹಿಡದು ಕೆಳಗ ಎಳದ್ರ ಎಲ್ಲಾ ಸಾಲಿಗೂ ತಾನ ತುಂಬತೈತಿ. ಎಳಿಯೂದೂ ಬ್ಯಾಡಂದ್ರ ಕಂಟ್ರೋಲ್ ಹಿಡದು ಡಿ ಒತ್ತಬೇಕು.”

“ಹೂಂ.”

“ಮ್ಯಾಲಿನ ಸಾಲು ಕಟ್ಟಿಹಾಕೇನ್ರಿ. ಎಷ್ಟು ಕೆಳಗ ಹೋದ್ರೂ ಅದು ಕದಲೂದಿಲ್ಲ. ತಾರೀಖು ದಿನಾ ತಾನ ಬದಲಾಗ್ತೈತಿ.”

“ತಾರೀಖು ಬದಲಾಗ್ತೈತಿ. ಮಂದಿ?”

“ಮಂದಿ ಅವರ ಇರ್ತಾರಲ್ರಿ.”

ರೇವಯ್ಯನ ಬೆರಳು ಆಗಲೇ ಮುಂದಿನ ಕೀಲಿಗೆ ಹೋಗಿತ್ತು.

“ಇನ್ನ ಇದು ನೋಡ್ರಿ. ಎರಡು ಸಲ ಬಂದ ಹೆಸರಿದ್ರ ಹುಡುಕೂದ ಬ್ಯಾಡ. ಇದೊಂದು ಒತ್ತಿದ್ರ ಒಂದು ಇಟ್ಕೊಂಡು ಇನ್ನೊಂದು ತಾನ ತಗದಹಾಕ್ತೈತಿ.”

ಒತ್ತಿದ. ಒಂದು ಸಾಲು ತೆಗೆಯಲಾಗಿದೆ ಎಂದು ಪರದೆ ತೋರಿಸಿತು. ಅಜ್ಜಾರ ತಪ್ಪನ್ನು ಅವರಿಗೇ ತಿಳಿಯದಂತೆ ತಿದ್ದಿದೆನಲ್ಲ ಎಂದು ರೇವಯ್ಯನಿಗೆ ಹಿತವೆನಿಸಿತು.

“ತಗದದ್ದು ಎಲ್ಲಿ ಹೋಗ್ತೈತಿ?” ಅಜ್ಜಾರು ಕೇಳಿದರು.

“ಎಲ್ಲಿಗೂ ಹೋಗೂದಿಲ್ರಿ. ಇರೂದಿಲ್ಲ, ಅಷ್ಟ.”

“ಮತ್ತ ಬೇಕಂದ್ರ?”

“ಕಂಟ್ರೋಲ್ ಹಿಡದು ಝಡ್ ಒತ್ತಿದ್ರ ಮಾಡಿದ್ದೆಲ್ಲಾ ಹಿಂದಕ್ಕ ಬರ್ತೈತ್ರಿ.”

“ಮಾಡಿದ್ದೆಲ್ಲಾ?”

“ಎಲ್ಲಾ.”

“ಹಂಗಾದ್ರ ನಾವು ಇಷ್ಟು ವರ್ಷ ಸುಮ್ಮನ ಅತ್ತೇವಿ,” ಎಂದು ಅಜ್ಜಾರು ನಕ್ಕರು.

ಬುತ್ತಿಗಳನ್ನು ಸೈಕಲ್ಲಿನ ಮೇಲೆ ಹಳ್ಳಿಗಳಿಗೆ ಒಯ್ಯುವವನು ಕಲ್ಲಪ್ಪ. ಅಂದಿನಿಂದ ಅವನ ಕೈಗೆ ಅಚ್ಚಾದ ಹಾಳೆ ಬರತೊಡಗಿತು. ಹಾಳೆಯಲ್ಲಿ ಎಷ್ಟು ಹೆಸರೋ ಅಷ್ಟು ಗಂಟು. ಅವನಿಗೂ ಹಗುರವಾಯಿತು.

ರೇವಯ್ಯ ನಸುಕಿನಲ್ಲಿ ಹೊಳೆಯ ಕಡೆಗೆ ಮುಖ ಮಾಡಿ ಕೂತ. ಧ್ಯಾನ ಚೆನ್ನಾಗಿ ಹತ್ತಿತು. ಇಷ್ಟು ಚೆನ್ನಾಗಿ ಎಂದೂ ಹತ್ತಿರಲಿಲ್ಲ. ಅಜ್ಜಾರು ಹೊದ್ದು ಮಲಗಿರುತ್ತಿದ್ದರು.

ಒಂದು ಮುಂಜಾನೆ ಅವರು ವಾಪಸು ಬಂದ ಅರಿವೆಗಳ ಮೇಲೆ ಕೈಯಾಡಿಸುತ್ತ ಕೂತಿದ್ದರು.

“ರೇವಯ್ಯ, ಅರಿವಿ ಕಡಿಮಿ ಬಂದಂಗ ಕಾಣಸ್ತೈತಿ.”

“ಇಲ್ರಿ ಅಜ್ಜಾರ. ಹಾಳಿಗೆ ತಾಳೆ ಹಾಕಿ ನೋಡೇನಿ. ಲೆಕ್ಕ ಸರಿ ಐತಿ.”

ಲೆಕ್ಕ ಸರಿಯೇ ಇತ್ತು. ಹಾಳೆಯಲ್ಲಿ ಇಲ್ಲದವಳ ಅರಿವೆ ಹಾಳೆಯ ಲೆಕ್ಕಕ್ಕೆ ಹೇಗೆ ಕಡಿಮೆ ಬಿದ್ದೀತು?

ಅಮಾವಾಸ್ಯೆ ಕಳೆದ ಮೇಲೆ ಒಂದು ದಿನ ಕಲ್ಲಪ್ಪ ಹೊತ್ತಿಗೆ ಮುಂಚೆ ತಿರುಗಿ ಬಂದ. ಬುತ್ತಿಗಳು ಸೈಕಲ್ಲಿನ ಮೇಲೆ ಹಾಗೇ ಇದ್ದವು.

“ಅಜ್ಜಾರ, ಕೆಳಗಿನ ಓಣಿ ಗುರವ್ವ ತೀರಿಕೊಂಡಾಳ್ರಿ.”

“ಯಾವ ಗುರವ್ವ?” ಅಜ್ಜಾರು ಕೇಳಿದರು.

ರೇವಯ್ಯ ತಲೆಯೆತ್ತಿ ನೋಡಿದ.

“ಹಿತ್ತಲ ಬಾಗಿಲಾಕಿ.”

ಅಜ್ಜಾರು ಗೋಡೆ ಹಿಡಿದು ಕೂತರು. ಆಮೇಲೆ ಶಿಷ್ಯನಿಗೆ ಹೇಳಿದರು. ಅಕ್ಕತಂಗಿಯರಿಬ್ಬರ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು. ಸತ್ತ ಅಜ್ಜಿಯ ಹೆಸರನ್ನು ಇಬ್ಬರಿಗೂ ಇಟ್ಟರು, ಆ ಕಡೆ ಹಾಗೆ ಇಡುತ್ತಾರೆ. ಇಬ್ಬರನ್ನೂ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟರು. ಗಂಡಂದಿರು ಹೋದರು. ಮನೆಗೆ ನಡುಗೋಡೆ ಬಂತು. ಒಬ್ಬಾಕೆಗೆ ಮುಂದಿನ ಬಾಗಿಲು, ಒಬ್ಬಾಕೆಗೆ ಹಿತ್ತಲ ಬಾಗಿಲು. ಗೋಡೆ ಬಂದಾಗಿನಿಂದ ಇಬ್ಬರಿಗೂ ಮಾತಿಲ್ಲ.

“ಅಲ್ಲೋ ಕಲ್ಲಪ್ಪ, ನೀ ದಿನಾ ಎರಡು ಗಂಟು ಒಯ್ಯತಿದ್ದಿ.”

“ಹಾಳ್ಯಾಗ ಒಂದ ಬಂತ್ರಿ. ಹಿತ್ತಲಾಕಿ ಮಗಳ ಊರಿಗೆ ಹೋಗ್ಯಾಳ, ಮಠಕ್ಕ ಹೇಳಿ ಕಳಿಸ್ಯಾಳ ಅಂತ ತಿಳಕೊಂಡೆ. ಒಂದನ್ನ ಮುಂದಿನ ಬಾಗಿಲಿಗೆ ಕೊಟ್ಟು ಬರ್ತಿದ್ದೆ.”

“ಆಕಿ ಯಾರ ಕೂಡನೂ ಹೇಳಲಿಲ್ಲೇನು?”

“ಇಲ್ರಿ. ಅಜ್ಜಾರಿಗೆ ನಾ ಬ್ಯಾಡಾದೆ ಅಂತ ಹಾಲು ಮಾರಾಕಿ ಮುಂದ ಒಮ್ಮೆ ಅಂದಿದ್ಲಂತ.”

ಮುಪ್ಪಿಗೆ ಹೋದಳೋ, ಜ್ವರಕ್ಕೋ, ಹಸಿವಿಗೋ, ಹೇಳುವವರಿರಲಿಲ್ಲ. ಹಿತ್ತಲ ಬಾಗಿಲ ಪಕ್ಕದ ಗೂಟಕ್ಕೆ ಮಠದ ಅರಿವೆಯೊಂದು ನೇತಾಡುತ್ತಿತ್ತಂತೆ. ತೊಳೆದು, ಮಡಚಿ, ವಾಪಸು ಕೊಡಲು ಇಟ್ಟದ್ದು.

ರೇವಯ್ಯ ಉಗ್ರಾಣಕ್ಕೆ ಓಡಿದ. ಶೀಟು ತೆರೆದು ಕಂಟ್ರೋಲ್ ಹಿಡಿದು ಝಡ್ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ದಿನಾ ತೆರೆದು ಮುಚ್ಚಿ, ತೆರೆದು ಮುಚ್ಚಿ, ಕಂಪ್ಯೂಟರಿಗೆ ಆ ದಿನದ ನೆನಪೇ ಉಳಿದಿರಲಿಲ್ಲ. ಅದು ಅವನಿಗೆ ಮೊದಲೇ ಗೊತ್ತಿತ್ತು. ಆದರೂ ಒತ್ತುತ್ತಲೇ ಇದ್ದ.

ಸಂಜೆ ಹೊಳೆದಂಡೆಯಲ್ಲಿ ಮಣ್ಣು ಮಾಡಿದರು. ತಿರುಗಿ ಬರುವಾಗ ರೇವಯ್ಯ ಅಜ್ಜಾರ ಕೈ ಹಿಡಿದು ನಡೆಸುತ್ತಿದ್ದ.

“ಬೈರಿ ಅಜ್ಜಾರ.”

“ಯಾರಿಗೆ ಬೈಲಿ? ಒಮ್ಮೆ ಓದಿ ಹೇಳು ಅಂತ ನಿನಗ ಅನ್ನಬೇಕಿತ್ತು. ಅನ್ನಲಿಲ್ಲ. ನಸುಕಿನ ನಿದ್ದಿ ನನಗೂ ರುಚಿ ಹತ್ತಿತ್ತು.”



ಮರುದಿನ ಕಲ್ಲಪ್ಪ ಮತ್ತೊಂದು ಸುದ್ದಿ ತಂದ. ಮುಂದಿನ ಬಾಗಿಲ ಗುರವ್ವ ಬುತ್ತಿ ಮುಟ್ಟುತ್ತಿಲ್ಲ. ನೀರೊಂದೇ ಕುಡಿದು ಹೊಸ್ತಿಲ ಮೇಲೆ ಕೂತಿದ್ದಾಳೆ.

“ನೀ ಹೋಗು,” ಎಂದರು ಅಜ್ಜಾರು ಶಿಷ್ಯನಿಗೆ.

ರೇವಯ್ಯ ಬುತ್ತಿ ಹಿಡಿದು ನಡೆದೇ ಹೋದ. ಅಷ್ಟು ದಿನ ಶೀಟಿನಲ್ಲಿ ಇಟ್ಟುಕೊಂಡಿದ್ದ ಓಣಿಯನ್ನು ಅವನು ಕಣ್ಣಾರೆ ಕಂಡದ್ದು ಅವತ್ತೇ ಮೊದಲು. ಹೊಸ್ತಿಲ ಮೇಲೆ ಒಣಗಿದ ಸಣ್ಣ ಮುದುಕಿ ಕೂತಿದ್ದಳು.

“ಅವ್ವಾ, ಬುತ್ತಿ ತಂದೇನಿ.”

ಆಕೆ ಅವನ ಕೈ ನೋಡಿದಳು. ಗಂಟು ಒಂದೇ ಇತ್ತು.

“ಯಾರ ಬುತ್ತಿ ಇದು?”

“ನಿಮ್ದ ಅವ್ವಾ.”

“ಹಾಳ್ಯಾಗ ಗುರವ್ವ ಅಂತ ಒಂದ ಹೆಸರು ಉಳದಿತ್ತಂತ, ಕಲ್ಲಪ್ಪ ಹೇಳಿದ. ಉಳದಾಕಿ ನಾನೋ, ಆಕಿಯೋ?”

ರೇವಯ್ಯ ಕೈಯಲ್ಲಿದ್ದ ಗಂಟನ್ನು ನೋಡಿದ.

“ಆಕಿ ಹೆಸರಾಗಿದ್ರ ಇಷ್ಟು ದಿನ ನಾ ಆಕಿ ರೊಟ್ಟಿ ತಿಂದೇನಿ. ಗ್ವಾಡಿ ಆಚೀಕಡೆ ಆಕಿ ಕೆಮ್ಮೂದು ಕೇಳಸ್ತಿತ್ತು. ಆಮ್ಯಾಲ ಕೆಮ್ಮೂದೂ ನಿಂತ್ತು. ಮಾತು ಬಿಟ್ಟಾಕಿ ನಾನು, ಏನು ಅಂತ ಕೇಳಲಿಲ್ಲ. ಯಾರ ರೊಟ್ಟಿ ಅಂತ ಗೊತ್ತಾಗೂ ತನಕ ಇದು ನನ್ನ ಗಂಟಲದಾಗ ಇಳಿಯೂದಿಲ್ಲ ಅಯ್ಯನೋರ. ಒಯ್ಯಿರಿ.”

ಅದರ ಮರುದಿನವೂ ಹೋದ. ಅದೇ ಮಾತು ಕೇಳಿಸಿಕೊಂಡು ಅದೇ ಗಂಟು ಹಿಡಿದು ತಿರುಗಿ ಬಂದ. ಆಕೆ ಈಗ ಎದ್ದು ಕೂಡುವುದಕ್ಕೂ ಗೋಡೆ ಹಿಡಿಯುತ್ತಿದ್ದಳು.

ಅಡುಗೆಮನೆಯಲ್ಲಿ ಅಜ್ಜಾರ ಮುಂದೆ ಬುತ್ತಿಯಿಟ್ಟು ಕುಸಿದು ಕೂತ.

“ಯಾರ ಬುತ್ತಿ ಅಂತಾಳ್ರಿ. ಹಿಂಗ ಬಿಟ್ರ ಆಕಿನೂ ಹೋಗ್ತಾಳ. ಏನು ಹೇಳ್ಲಿ?”

“ನಿನ್ನ ಶೀಟು ಏನಂತೈತಿ?”

“ಅದಕ್ಕ ಇಬ್ಬರೂ ಒಬ್ಬರ ರೀ ಅಜ್ಜಾರ. ಯಾರು ಉಳದ್ರು, ಯಾರು ಹೋದ್ರು, ಅದಕ್ಕ ಗೊತ್ತಿಲ್ಲ.”

“ನಿನಗ?”

ರೇವಯ್ಯ ಅತ್ತ. ಅಜ್ಜಾರು ಅಳಲು ಬಿಟ್ಟರು.

ಮರುದಿನ ನಸುಕಿನಲ್ಲಿ ಅಜ್ಜಾರು ತಡಕಾಡಿ ಸೀಮೆಸುಣ್ಣ ಹುಡುಕಿ ಅವನ ಕೈಗಿಟ್ಟರು. ದೀಪವನ್ನು ತಾವೇ ಎತ್ತಿ ಹಿಡಿದರು. ಕರಿಹಲಗೆಯ ಮೇಲೆ ಅವರು ಕೊನೆಯ ಸಲ ಬರೆದ ಹೆಸರುಗಳು ಧೂಳಿನಲ್ಲಿ ಮಸುಕಾಗಿ ಹಾಗೇ ಇದ್ದವು. ಗುರವ್ವ ಮ್ಯಾಗೇರಿ. ಅದರ ಕೆಳಗೆ, ಗುರವ್ವ ಮ್ಯಾಗೇರಿ.

“ಒರಸು.”

ಒರೆಸಿದ.

“ಬರಿ.”

ರೇವಯ್ಯ ಮೊದಲ ಹೆಸರು ಬರೆದ. “ಫಕೀರವ್ವ.”

“ಆಕಿ ಕಾಲಿನ ಬಾವು ಇಳೀತೇನು?”

“ಗೊತ್ತಿಲ್ರಿ.”

“ಕೇಳಕೊಂಡು ಬಾ. ಮುಂದ?”

“ದ್ಯಾಮಣ್ಣ.”

“ಅವಗ ಹಲ್ಲಿಲ್ಲ. ರೊಟ್ಟಿ ಹಾಲಾಗ ನೆನಸಿ ಕಟ್ಟಾಕ ಹೇಳಿದ್ದೆ. ಕಟ್ಟತಾರೇನು?”

“ಗೊತ್ತಿಲ್ರಿ ಅಜ್ಜಾರ.”

ಒಂದೊಂದು ಹೆಸರಿಗೂ ಅವನು ನಿಂತ. ಹೊರಗೆ ಹೊಳೆಯ ಮೇಲೆ ಮಬ್ಬು ಬೆಳಕು ಬಂತು. ಧ್ಯಾನದ ಹೊತ್ತು ಬಂದು ಹೋದದ್ದು ಅವನಿಗೆ ತಿಳಿಯಲಿಲ್ಲ.

ಕೆಳಗಿನ ಓಣಿ ಬಂತು. ‘ಗುರವ್ವ ಮ್ಯಾಗೇರಿ’ ಎಂದು ಬರೆದ. ಅದರ ಕೆಳಗಿನ ಖಾಲಿ ಜಾಗದ ಮುಂದೆ ಕೈ ನಿಂತಿತು.

“ಅಜ್ಜಾರ, ಹಿತ್ತಲಾಕಿ ಹೋಗ್ಯಾಳ. ಇನ್ನೊಂದು ಬರೀಲೇನ್ರಿ, ಬ್ಯಾಡೇನ್ರಿ?”

ಅಜ್ಜಾರು ದೀಪವನ್ನು ಇನ್ನಷ್ಟು ಹತ್ತಿರ ತಂದರು.

“ಬರಿ. ಆಕಿ ಹೆಸರು ಅಂತ ತಿಳದು ಬರದು, ನಿನ್ನ ಕೈಲೆ ಒರಸು. ಆಮ್ಯಾಲ ಬುತ್ತಿ ತಗೊಂಡು ಹೋಗು. ಯಾರದು ಅಂತ ಮುಂದಿನ ಬಾಗಿಲಾಕಿ ಕೇಳಿದ್ರ, ಹೇಳಾಕ ಬರ್ತೈತಿ.”