ಎರಡನೆಯ ಸಾಲು

ಹೊಳೆಯಾಚೆಯ ಊರುಗಳಲ್ಲಿ ಹಬ್ಬಿದ್ದ ಜ್ವರ ಆಶ್ರಮಕ್ಕೂ ಕಾಲಿಟ್ಟಿತು. ಗುರುಗಳು ಶಿಷ್ಯರನ್ನು ಒಬ್ಬೊಬ್ಬರಾಗಿ ಬೇರೆ ಬೇರೆ ಗುಡಿಸಲಿನಲ್ಲಿ ಇರಿಸಿದರು. ಯಾರೂ ಹೊಸ್ತಿಲು ದಾಟುವಂತಿಲ್ಲ. ಪಾಠ ಮಾತ್ರ ನಿಲ್ಲಲಿಲ್ಲ.

ಬೆಳಗಾದರೆ ಗುರುಗಳು ಅಂಗಳದಲ್ಲಿ ನಿಂತು ಪದ್ಯದ ಮೊದಲ ಸಾಲು ಹೇಳುವರು. ಎರಡನೆಯದು ಹಿರಿಯ ಶಿಷ್ಯ ಭುಜಂಗನದು. ಮೂರನೆಯದು ಪಕ್ಕದ ಗುಡಿಸಲಲ್ಲಿ ಜ್ವರದಿಂದ ಮಲಗಿದ್ದ ಚಂದಯ್ಯನದು. ಹೀಗೇ ಪದ್ಯ ಗುಡಿಸಲಿಂದ ಗುಡಿಸಲಿಗೆ ಸಾಗುತ್ತಿತ್ತು.

"ಒಳ್ಳೆಯದನ್ನೇ ಯೋಚಿಸ್ರೋ! ನನ್ನ ನೋಡಿ, ಎಳ್ಳಷ್ಟಾದರೂ ಭಯ ಇದೆಯಾ?" ಎಂದು ಭುಜಂಗ ದಿನವೂ ಕೂಗಿ ಹೇಳುತ್ತಿದ್ದ. ಯಾರಿಗೂ ಅವನು ಕಾಣಿಸುತ್ತಿರಲಿಲ್ಲ, ಅದು ಅವನ ಪುಣ್ಯ.

ಹನ್ನೊಂದನೆಯ ದಿನ ಅವನ ಗಂಟಲು ಕೆರೆಯಿತು. ಅಷ್ಟಕ್ಕೇ ಜ್ವರ ತನಗೂ ಬಂತೆಂದು ಹೆದರಿಹೋದ. ಬಾಯಿ ತೆರೆದರೆ ದನಿ ನಡುಗೀತು, ಎಲ್ಲರಿಗೂ ಗೊತ್ತಾದೀತು ಎಂದು ತುಟಿ ಬಿಗಿದು ಕೂತ. ಗುರುಗಳು ಮೊದಲ ಸಾಲನ್ನು ಮೂರು ಸಲ ಹೇಳಿದರು. ಎರಡನೆಯದು ಬರಲೇ ಇಲ್ಲ.

ಮಧ್ಯಾಹ್ನ ಗುರುಗಳು ಬಂದು ಹೊಸ್ತಿಲಿಂದ ದೂರ ನಿಂತರು.

"ಚಂದಯ್ಯ ಗಂಜಿ ಮುಟ್ಟಿಲ್ಲ. ನೀನು ಹೋಗಿಬಿಟ್ಟೆ ಅಂದುಕೊಂಡಿದ್ದಾನೆ. ಇದ್ದಾನಪ್ಪಾ ಅಂದರೆ, ಸಮಾಧಾನಕ್ಕೆ ಹೇಳ್ತೀರಿ ಅಂತಾನೆ. ಭುಜಂಗಣ್ಣನೇ ಉಳಿಯಲಿಲ್ಲ, ನಾನು ಉಳಿಯುತ್ತೇನಾ ಅಂತ ಗೋಡೆ ಕಡೆ ತಿರುಗಿ ಮಲಗಿದ್ದಾನೆ."

ಭುಜಂಗನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಪಕ್ಕದ ಗುಡಿಸಲಿಗೆ ಕೇಳದಷ್ಟು ಮೆಲ್ಲಗೆ ಹೇಳಿದ.

"ನಾಚಿಕೆಯಾಗ್ತಿದೆ ಗುರುಗಳೇ."

"ಹೆದರಿದ್ದಕ್ಕೋ, ಸುಮ್ಮನಿದ್ದದ್ದಕ್ಕೋ?"

"ಬೆಳಗ್ಗೆ ಹೆದರಿದ್ದಕ್ಕೆ. ಈಗ ಸುಮ್ಮನಿದ್ದದ್ದಕ್ಕೆ."

"ಹತ್ತು ದಿನದಿಂದ ನನ್ನ ದನಿ ನಡುಗುತ್ತಿದೆ. ಕೇಳಿಸಲಿಲ್ಲವೇ?"

"ಕೇಳಿಸಿತು. ವಯಸ್ಸಾಯಿತಲ್ಲ, ಅದಕ್ಕೆ ಅಂದುಕೊಂಡೆ."

ಗುರುಗಳು ನಕ್ಕರು. ಆಮೇಲೆ ಅಲ್ಲೇ ನಿಂತು, ಪಾಠದ ಹೊತ್ತಲ್ಲದಿದ್ದರೂ, ಮೊದಲ ಸಾಲು ಹೇಳಿದರು. ದನಿ ನಡುಗುತ್ತಲೇ ಇತ್ತು.

ಭುಜಂಗ ಎರಡನೆಯ ಸಾಲು ಎತ್ತಿಕೊಂಡ. ಅರ್ಧಕ್ಕೆ ದನಿ ಒಡೆಯಿತು, ಅಳು ಉಕ್ಕಿ ಬಂತು. ಅಳುತ್ತಲೇ ಮುಗಿಸಿದ.

ಪಕ್ಕದ ಗುಡಿಸಲಿಂದ ಚಂದಯ್ಯನ ಸೋತ ದನಿ ಕೇಳಿತು.

"ಭುಜಂಗಣ್ಣಾ, ನಿನಗೂ ಹೆದರಿಕೆಯಾಗತ್ತಾ?"

ಭುಜಂಗ ಗುರುಗಳ ಮುಖ ನೋಡಿದ. ಅವರು ಹೊಳೆಯ ಕಡೆ ನೋಡುತ್ತಿದ್ದರು.

"ಹೂಂ ಕಣೋ," ಎಂದ. "ತುಂಬಾ."

ಮೂರನೆಯ ಸಾಲು ನಿಧಾನವಾಗಿ ಬಂತು. ಅದರ ಹಿಂದೆಯೇ ಗಂಜಿಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡ ಸದ್ದು.

ಗುರುಗಳು ಹೊರಟವರು ತಿರುಗಿ ನೋಡಿದರು.

"ಭುಜಂಗಾ, ನಾಳೆಗೂ ಇದೇ ದನಿ ಇರಲಿ."