ಜಗಲಿಯ ಮೇಲೆ ಕೂತವನು

"ಬುದ್ಧಿ, ಕೈಕಾಲು ಗಟ್ಟಿಯಿದ್ದೂ ಕೆಲಸವಿಲ್ಲದೆ ಅಲೆಯುವವರಿಂದ ಲೋಕಕ್ಕೆ ಏನು ಪ್ರಯೋಜನ? ಮಧ್ಯಾಹ್ನವಾದರೆ ಸಾಕು, ಮಠದ ಪಂಕ್ತಿಯಲ್ಲಿ ಬಂದು ಕೂರುತ್ತಾರೆ. ಇವತ್ತಿನಿಂದ ಬಾಗಿಲು ಹಾಕಿಬಿಡಲೇ?" ಎಂದು ಅಡುಗೆಮನೆ ನೋಡಿಕೊಳ್ಳುತ್ತಿದ್ದ ಶಿಷ್ಯ ಮಡಿವಾಳಯ್ಯ ಕೇಳಿದ.

"ಬಾಗಿಲು ಆಮೇಲೆ ಹಾಕುವೆಯಂತೆ, ಕೂತುಕೋ" ಎಂದು ಗುರುಗಳು ಕತೆ ಹೇಳತೊಡಗಿದರು.

ಒಬ್ಬ ವರ್ತಕನಿಗೆ ಹತ್ತು ಮಗ್ಗಗಳಿದ್ದವು. ಮಗ್ಗದ ಮನೆಯ ಮುಂದೆ ಒಂದು ಜಗಲಿ. ಕೆಲಸ ಕೇಳಿಕೊಂಡು ಬಂದವರನ್ನು ಅವನು ಇಲ್ಲವೆಂದು ಕಳಿಸಿದ್ದೇ ಇಲ್ಲ. "ಕೂತಿರಿ, ನೋಡೋಣ" ಎನ್ನುತ್ತಿದ್ದ. ಅವರು ಕೂತಿರುತ್ತಿದ್ದರು. ವರ್ತಕ ಧರ್ಮಾತ್ಮನೆಂದು ಊರು ಹೊಗಳುತ್ತಿತ್ತು.

ಕಿಟಕಿಯ ಪಕ್ಕದ ಮಗ್ಗದಲ್ಲಿ ಒಬ್ಬ ನೇಕಾರ. ಅವನ ಹೆಂಡತಿ ಹಸಿ ಬಾಣಂತಿ. ಅವಳಿಗೆ ಹೊಟ್ಟೆತುಂಬ ಊಟವಿಲ್ಲದೆ ಕೂಸಿಗೆ ಹಾಲು ಸಾಲುತ್ತಿರಲಿಲ್ಲ. ಕೂಲಿಗೆ ಇನ್ನೊಂದು ಪಾವು ಅಕ್ಕಿ ಸೇರಿಸಿ ಎಂದು ಕೇಳಲು ಅವನು ದಿನವೂ ಬಾಯಿ ತೆರೆಯುವನು. ಕಿಟಕಿಯಾಚೆ ಜಗಲಿಯ ಮೇಲೆ ಕೆಲಸಕ್ಕೆ ಕಾದು ಕೂತವರು ಕಾಣುವರು. ಕೇಳದೆ ಮತ್ತೆ ನೇಯತೊಡಗುವನು. ಮನೆಯಲ್ಲಿ ಕೂಸು ಮಾತ್ರ ಬಾಯಿಬಿಟ್ಟು ಕೇಳುತ್ತಿತ್ತು. ಅದಕ್ಕೆ ಜಗಲಿ ಕಾಣುತ್ತಿರಲಿಲ್ಲ.

ಹೀಗಿರಲು ಪಕ್ಕದ ಸೀಮೆಯಲ್ಲಿ ಕೆರೆ ಕಟ್ಟುವ ಕೆಲಸ ಶುರುವಾಯಿತು. ಕೂತವರೆಲ್ಲ ಎದ್ದು ಅಲ್ಲಿಗೆ ಹೋದರು. ಜಗಲಿ ಬರಿದಾಯಿತು. ಅಂದು ನೇಕಾರ ಲಾಳಿ ಕೆಳಗಿಟ್ಟು ಕೇಳಿಯೇಬಿಟ್ಟ. ಉಳಿದ ಮಗ್ಗಗಳೂ ಒಂದೊಂದಾಗಿ ನಿಂತವು.

ವರ್ತಕ ಜಗಲಿಯ ಕಡೆ ನೋಡಿದ. "ನಾಳೆ ಹೇಳುತ್ತೇನೆ" ಎಂದ.

ಮರುದಿನ ಬೆಳಿಗ್ಗೆ ಜಗಲಿಯ ಮೇಲೆ ಒಬ್ಬ ಕೂತಿದ್ದ. ವರ್ತಕ ನೇಕಾರನ ಹತ್ತಿರ ಬಂದು, "ನಿನ್ನೆ ಏನೋ ಕೇಳಿದ್ದೆಯಲ್ಲಪ್ಪ, ಏನದು?" ಎಂದ, ಬಹಳ ಮೆಲ್ಲಗೆ.

ನೇಕಾರ ಒಮ್ಮೆ ಕಿಟಕಿಯಾಚೆ ನೋಡಿದ. "ಏನಿಲ್ಲ, ಧಣಿ" ಎಂದು ಲಾಳಿ ಎತ್ತಿಕೊಂಡ.

ಸಂಜೆ ಅವನು ಜಗಲಿಯವನ ಎದುರು ಹೋಗಿ ನಿಂತ. "ನನ್ನ ಮಗ್ಗವೇ ಬೇಕಾಯಿತೇನಪ್ಪ ನಿನಗೆ?"

"ಅಯ್ಯೋ, ನನಗೆಲ್ಲಿ ನೇಯಲು ಬರುತ್ತದೆ, ಅಣ್ಣ? ಸುಮ್ಮನೆ ಕೂರಬೇಕು, ನೀವು ತಲೆ ಎತ್ತಿದಾಗ ಕಾಣಿಸಬೇಕು, ಅಷ್ಟೇ ಕೆಲಸ. ಅದಕ್ಕೆ ದಿನಕ್ಕೊಂದು ಪಾವು ಅಕ್ಕಿ ಕೊಡುತ್ತಾರೆ."

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಪಂಕ್ತಿಗೆ ಜನ ಬಂದು ಕೂರುತ್ತಿರುವುದು ಕೇಳಿಸುತ್ತಿತ್ತು. ಮಡಿವಾಳಯ್ಯ ಬಾಗಿಲ ಕಡೆ ತಿರುಗಿದ.

"ಅವನಿಗಿಂತ ಮುಂಚೆ ಅಲ್ಲಿ ಕೂತವರೆಲ್ಲ ಅದೇ ಕೆಲಸವನ್ನು ಬಿಟ್ಟಿ ಮಾಡಿದ್ದರಲ್ಲ ಮಡಿವಾಳಯ್ಯ, ಈಗ ನೀನು ಬಾಗಿಲು ಹಾಕುವುದು ಅಂಥವರಿಗೇ ತಾನೆ?"